ಒಂದೆರಡು ದಿನಗಳಲ್ಲಿ ಸರಿಹೋಗುವ ಹಳಿಗೆ ಬಾಂಬ್ ಏಕೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಗೆ ಇಳಿಯುವ ಮೊದಲು ಮಿತ್ರಪಡೆಗಳು ಫ್ರಾನ್ಸಿನ ರೈಲ್ವೆಯ ಮೇಲೆ ತಿಂಗಳುಗಟ್ಟಲೆ ಬಾಂಬ್ ಹಾಕಿದವು ಎಂದು ಓದಿದ್ದೇನೆ. ಕಿತ್ತುಹೋದ ಹಳಿಯನ್ನು ಒಂದೆರಡು ದಿನಗಳಲ್ಲಿ ಮತ್ತೆ ಜೋಡಿಸಬಹುದಲ್ಲವೇ? ಹಾಗಾದರೆ ಅದರಿಂದ ಆದ ಪ್ರಯೋಜನವೇನು?

ಉತ್ತರ: ಹಳಿಯ ಮಟ್ಟಿಗೆ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಬಾಂಬಿನ ಗುಂಡಿಗೆ ಮಣ್ಣು ಜಲ್ಲಿ ತುಂಬಿ, ಹೊಸ ಸ್ಲೀಪರ್ ಹಾಕಿ ಹಳಿ ಬಿಗಿದು ಒಂದು ಮಾರ್ಗವನ್ನಾದರೂ ತೆರೆಯುವುದು ಪಳಗಿದ ಗ್ಯಾಂಗಿಗೆ ಒಂದೆರಡು ದಿನಗಳ ಕೆಲಸ, ಮತ್ತು ಜರ್ಮನ್ನರು ಇದನ್ನು ಅನೇಕ ಕಡೆ ಮಾಡಿಯೂ ತೋರಿಸಿದರು. ಇದೇ ಮಾತನ್ನು 1944ರಲ್ಲಿ ಮಿತ್ರಪಡೆಗಳ ದೊಡ್ಡ ಅಧಿಕಾರಿಗಳೂ ಆಡಿದ್ದರು. ಆದರೆ ಯೋಜನೆಯ ಗುರಿ ಹಳಿಯಾಗಿರಲಿಲ್ಲ. ರೈಲನ್ನು ಓಡಿಸುವ, ಕೆಟ್ಟದ್ದನ್ನು ರಿಪೇರಿ ಮಾಡುವ ವ್ಯವಸ್ಥೆಯೇ ಗುರಿಯಾಗಿತ್ತು.

ಅಂದಿನ ರೈಲುಗಳಲ್ಲಿ ಹೆಚ್ಚಿನವು ಉಗಿ ಎಂಜಿನ್ನಿನಿಂದ ಓಡುತ್ತಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಉಗಿ ಎಂಜಿನ್ನಿಗೆ ಹಳಿಯೊಂದಿದ್ದರೆ ಸಾಲದು: ಕಲ್ಲಿದ್ದಲು ತುಂಬಬೇಕು, ನೀರು ಹಿಡಿಯಬೇಕು, ಬೂದಿ ತೆಗೆಯಬೇಕು, ಬಾಯ್ಲರ್ ತೊಳೆಯಬೇಕು, ಟರ್ನ್‌ಟೇಬಲ್ ಮೇಲೆ ನಿಲ್ಲಿಸಿ ದಿಕ್ಕು ತಿರುಗಿಸಬೇಕು. ಇವೆಲ್ಲವೂ ನಡೆಯುವುದು ಲೋಕೋ ಶೆಡ್ಡಿನಲ್ಲಿ. ವ್ಯಾಗನ್ನುಗಳನ್ನು ಬೇರ್ಪಡಿಸಿ ಊರೂರಿಗೆ ಹೋಗುವ ಗಾಡಿಗಳಾಗಿ ಜೋಡಿಸುವುದು ಮಾರ್ಷಲಿಂಗ್ ಯಾರ್ಡಿನಲ್ಲಿ. ಶೆಡ್ಡು, ಯಾರ್ಡು, ವರ್ಕ್‌ಶಾಪು, ಸಿಗ್ನಲ್ ಕ್ಯಾಬಿನ್ನುಗಳು ಬಹುಮಟ್ಟಿಗೆ ಒಂದೇ ಆವರಣದಲ್ಲಿರುತ್ತಿದ್ದುದರಿಂದ, ಒಂದು ರಾತ್ರಿಯ ದಾಳಿಯಲ್ಲಿ ಇವೆಲ್ಲಕ್ಕೂ ಒಟ್ಟಿಗೆ ಪೆಟ್ಟು ಕೊಡಲು ಸಾಧ್ಯವಿತ್ತು. ನಡುವಿನ ಒಂದು ಮಾರ್ಗ ಮರುದಿನವೇ ತೆರೆದರೂ, ಅದರ ಮೇಲೆ ಓಡಬೇಕಾದ ಎಂಜಿನ್ ಎಲ್ಲೋ ರಿಪೇರಿಗೆ ಕಾದು ನಿಂತಿರುತ್ತಿತ್ತು.

ಈ ವಾದವನ್ನು ಕಟ್ಟಿದವರಲ್ಲಿ ಪ್ರಮುಖರು ಸಾಲಿ ಜುಕರ್‌ಮನ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ಪ್ರಾಣಿಶಾಸ್ತ್ರಜ್ಞರು ಯುದ್ಧಕ್ಕೆ ಮೊದಲು ಕೋತಿಗಳನ್ನು ಅಧ್ಯಯನ ಮಾಡಿ ಹೆಸರು ಪಡೆದವರು. ರೈಲ್ವೆಯನ್ನು ಹೇಗೆ ಕೆಡಿಸಬೇಕೆಂದು ಇವರು ಹೇಳಿಕೊಡುವುದನ್ನು ಸೇನಾನಿಗಳು ಎಷ್ಟು ಸಂತೋಷದಿಂದ ಕೇಳಿರಬಹುದು ಎಂಬುದನ್ನು ಊಹಿಸಿಕೊಳ್ಳಬಹುದು. ಸಿಸಿಲಿ ಮತ್ತು ದಕ್ಷಿಣ ಇಟಲಿಯ ದಾಳಿಗಳ ಫಲಿತಾಂಶವನ್ನು ಪರಿಶೀಲಿಸಿ ಅವರು ಮಾಡಿದ ಶಿಫಾರಸನ್ನು ಮಿತ್ರಪಡೆಗಳ ಸರ್ವೋಚ್ಚ ಸೇನಾನಿ ಐಸೆನ್‌ಹೋವರ್ ಅವರ ಉಪನಾಯಕ ಆರ್ಥರ್ ಟೆಡ್ಡರ್ ಒಪ್ಪಿದರು. ಬ್ರಿಟಿಷ್ ಬಾಂಬರ್ ಪಡೆಯ ಆರ್ಥರ್ ಹ್ಯಾರಿಸ್ ತಮ್ಮ ವಿಮಾನಗಳು ರಾತ್ರಿಯಲ್ಲಿ ಇಷ್ಟು ಸಣ್ಣ ಗುರಿಗೆ ಬಾಂಬ್ ಹಾಕಲಾರವೆಂದರು. ಅಮೆರಿಕದ ಕಾರ್ಲ್ ಸ್ಪಾಟ್ಜ್ ಜರ್ಮನಿಯ ತೈಲ ಕಾರ್ಖಾನೆಗಳನ್ನೇ ಹೊಡೆಯಬೇಕೆಂದು ಪಟ್ಟು ಹಿಡಿದರು. ಆದರೆ 1944ರ ಮಾರ್ಚ್ 6ರ ರಾತ್ರಿ ಪ್ಯಾರಿಸ್ಸಿನ ನೈಋತ್ಯಕ್ಕಿರುವ ತ್ರಾಪ್ ಯಾರ್ಡಿನ ಮೇಲೆ ನಡೆದ ಪರೀಕ್ಷಾರ್ಥ ದಾಳಿ ಹ್ಯಾರಿಸ್ ಅವರ ಅನುಮಾನವನ್ನು ಸುಳ್ಳಾಗಿಸಿತು. ಯಾರ್ಡು ವಾರಗಟ್ಟಲೆ ಕೆಲಸಕ್ಕೆ ಬರಲಿಲ್ಲ. ಮಾರ್ಚ್ 25ರ ಸಭೆಯಲ್ಲಿ ಐಸೆನ್‌ಹೋವರ್ ರೈಲ್ವೆ ಯೋಜನೆಯನ್ನೇ ಆಯ್ದುಕೊಂಡರು. ಸ್ಪಾಟ್ಜ್ ಅವರ ತೈಲದ ವಾದ ತಪ್ಪೇನೂ ಆಗಿರಲಿಲ್ಲ, ಆದರೆ ಅದರ ಫಲ ನಾರ್ಮಂಡಿಗೆ ಇಳಿಯುವ ಜೂನ್ ಹೊತ್ತಿಗೆ ಕೈಗೆ ಸಿಗುವಂತಿರಲಿಲ್ಲ.

ಇದಕ್ಕೆ ತೆತ್ತ ಬೆಲೆಯನ್ನು ಹೇಳದೆ ಉತ್ತರ ಪೂರ್ಣವಾಗದು. ಯಾರ್ಡುಗಳ ಸುತ್ತ ರೈಲ್ವೆ ಕಾರ್ಮಿಕರ ಮನೆಗಳೇ ಇದ್ದವು. ಏಪ್ರಿಲ್ 9ರ ರಾತ್ರಿ ಲೀಲ್ ನಗರದ ಯಾರ್ಡಿನ ಮೇಲೆ ನಡೆದ ದಾಳಿಯಲ್ಲಿ 456 ನಾಗರಿಕರು ಸತ್ತರು. ಏಪ್ರಿಲ್ 18ರ ರಾತ್ರಿ ಪ್ಯಾರಿಸ್ಸಿನ ಅಂಚಿನ ನ್ವಾಜಿ-ಲೆ-ಸೆಕ್‌ನಲ್ಲಿ 464 ಮಂದಿ. ಎರಡು ದಿನಗಳ ಬಳಿಕ ಪ್ಯಾರಿಸ್ಸಿನ ಲಾ ಶಪೆಲ್ ಮೇಲಿನ ದಾಳಿಯಲ್ಲಿ ಸತ್ತವರ ಸಂಖ್ಯೆ 600ನ್ನು ದಾಟಿತು. ಸತ್ತವರು ಶತ್ರುದೇಶದವರಲ್ಲ, ಯಾರನ್ನು ಬಿಡಿಸಲು ಯುದ್ಧ ನಡೆದಿತ್ತೋ ಅವರೇ. ತೀವ್ರ ಕಳವಳಗೊಂಡ ಬ್ರಿಟನ್ ಪ್ರಧಾನಿ ಚರ್ಚಿಲ್, ಒಟ್ಟು ಸಾವು 10,000ವನ್ನು ಮೀರಬಾರದೆಂಬ ಮಿತಿಯನ್ನು ಮುಂದಿಟ್ಟರು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೂ ಬರೆದರು. ರಣರಂಗದ ಹೊಣೆ ಹೊತ್ತ ಸೇನಾನಿಗಳ ಕೈಯನ್ನು ಇಷ್ಟು ದೂರದಿಂದ ತಾವು ಕಟ್ಟಿಹಾಕುವುದಿಲ್ಲ ಎಂಬ ಅರ್ಥದ ಉತ್ತರ ಮೇ ತಿಂಗಳಲ್ಲಿ ಬಂದಿತು.

ಸೇತುವೆಗಳ ವಿಚಾರದಲ್ಲಿ ಮಾತ್ರ ಜುಕರ್‌ಮನ್ ಅವರ ಲೆಕ್ಕ ತಪ್ಪಿತು. ಒಂದು ಸೇತುವೆಯನ್ನು ಬೀಳಿಸಲು ಬೇಕಾಗುವ ಬಾಂಬುಗಳನ್ನು ನೋಡಿದರೆ ಅದು ದುಬಾರಿಯ ಕೆಲಸವೆಂದು ಅವರು ಭಾವಿಸಿದ್ದರು. ಆದರೆ ಮೇ 7ರಂದು ಬೆರಳೆಣಿಕೆಯ ಥಂಡರ್‌ಬೋಲ್ಟ್ ಯುದ್ಧವಿಮಾನಗಳು ತಗ್ಗಿನಲ್ಲಿ ಹಾರಿ ಬಂದು ಸೇನ್ ನದಿಯ ವೆರ್ನೋಂ ಸೇತುವೆಯನ್ನು ಕೆಡವಿದವು. ಆಮೇಲೆ ಪ್ಯಾರಿಸ್ಸಿನಿಂದ ಸಮುದ್ರದವರೆಗಿನ ಸೇನ್ ಸೇತುವೆಗಳು ಒಂದೊಂದಾಗಿ ಉರುಳಿದವು. ದಕ್ಷಿಣದ ಲ್ವಾರ್ ನದಿಯ ಸೇತುವೆಗಳ ಸರದಿ ಬಹುಪಾಲು ಸೈನ್ಯ ಇಳಿದ ಮೇಲೆಯೇ ಬಂದಿತು. ಎರಡೂ ನದಿಗಳ ಸೇತುವೆಗಳನ್ನು ಮೊದಲೇ ಒಡೆದಿದ್ದರೆ, ಅವುಗಳ ನಡುವೆ ಉಳಿಯುವ ನಾರ್ಮಂಡಿಯೇ ಗುರಿಯೆಂದು ನಕ್ಷೆ ನೋಡಿದ ಯಾರಾದರೂ ಹೇಳಿಬಿಡುತ್ತಿದ್ದರು.

ಜೂನ್ ಆರಂಭದ ಹೊತ್ತಿಗೆ ಫ್ರಾನ್ಸಿನ ರೈಲು ಸಂಚಾರ ಆ ವರ್ಷದ ಜನವರಿಯಲ್ಲಿದ್ದುದರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಟ್ಯಾಂಕುಗಳನ್ನು ದೂರದೂರಿಗೆ ರೈಲಿನಲ್ಲೇ ಒಯ್ಯುವುದು ವಾಡಿಕೆ. ರಸ್ತೆಯ ಮೇಲೆ ನೂರಾರು ಕಿಲೋಮೀಟರ್ ಓಡಿಸಿದರೆ ಅವು ಯುದ್ಧಕ್ಕೆ ಮುಂಚೆಯೇ ಸವೆದು ಕೆಟ್ಟು ನಿಲ್ಲುತ್ತವೆ. ದಕ್ಷಿಣ ಫ್ರಾನ್ಸಿನ ಮೊಂತೋಬಾಂ ಸುತ್ತ ಬೀಡುಬಿಟ್ಟಿದ್ದ, ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನ 2ನೇ ಪಾಂಜರ್ (ಟ್ಯಾಂಕ್) ಡಿವಿಷನ್ ನಾರ್ಮಂಡಿಗೆ ಬಂದು ಸೇರಲು ಹಿಡಿದ ಕಾಲದಲ್ಲಿ ಇದರ ಪಾಲೂ ಇತ್ತು. ಆದರೆ ಈ ವಿಳಂಬದ ಶ್ರೇಯಸ್ಸನ್ನೆಲ್ಲ ಬಾಂಬರುಗಳಿಗೆ ಕೊಡುವುದು ನ್ಯಾಯವಲ್ಲ: ಫ್ರೆಂಚ್ ಪ್ರತಿರೋಧ ಪಡೆಯವರು ರಾತ್ರೋರಾತ್ರಿ ಹಳಿಗಳನ್ನು ಸ್ಫೋಟಿಸುತ್ತಿದ್ದರು, ರೈಲ್ವೆ ಕಾರ್ಮಿಕರಲ್ಲಿ ಎಷ್ಟೋ ಮಂದಿ ಅವರ ಜೊತೆಗಿದ್ದರು.

ಮುಂದೆ ಇದೇ ಹಾನಿ ಮಿತ್ರಪಡೆಗಳಿಗೂ ತೊಡಕಾಯಿತು. ಆಗಸ್ಟಿನಲ್ಲಿ ಅವರ ಸೈನ್ಯ ಸೇನ್ ನದಿಯನ್ನು ದಾಟಿ ಪೂರ್ವಕ್ಕೆ ಧಾವಿಸಿದಾಗ, ಹಿಂದಿನಿಂದ ಪೆಟ್ರೋಲು, ಮದ್ದುಗುಂಡು ಸಾಗಿಸಲು ಸಾಕಷ್ಟು ರೈಲು ಮಾರ್ಗಗಳಿರಲಿಲ್ಲ. ಆಗಸ್ಟ್ 25ರಿಂದ ನವೆಂಬರ್ ಮಧ್ಯದವರೆಗೆ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಸಾವಿರಾರು ಲಾರಿಗಳು ಹಗಲಿರುಳು ಓಡಿದವು. ಅವುಗಳ ಚಾಲಕರಲ್ಲಿ ಬಹುಪಾಲು ಆಫ್ರಿಕನ್-ಅಮೆರಿಕನ್ ಸೈನಿಕರು. ಅವರು ಲಾರಿ ಓಡಿಸುತ್ತಿದ್ದಾಗಲೇ ಎಂಜಿನಿಯರುಗಳು ತಮ್ಮವರೇ ಕೆಡವಿದ ಸೇತುವೆಗಳನ್ನು ಮರಳಿ ಕಟ್ಟುತ್ತಿದ್ದರು.