ಹಡಗು ನಿಲ್ಲುತ್ತಿದ್ದ ಕಾಲದ ಊಟದ ಮನೆಗಳು

ಸಮುದ್ರದ ಕೆಲಸ ಬಿಟ್ಟು ಇಪ್ಪತ್ತು, ಮೂವತ್ತು ವರ್ಷವಾದ ನಾವಿಕರನ್ನು ಮಾತಿಗೆ ಎಳೆದು ನೋಡಿ. ಬಿರುಗಾಳಿಯ ಕತೆ ಒಂದೆರಡು ಬರುತ್ತದೆ. ಆಮೇಲೆ ಮಾತು ಮೆಲ್ಲಗೆ ಊಟದ ಕಡೆ ತಿರುಗುತ್ತದೆ. ಯಾವುದೋ ಬಂದರಿನ ಹಿಂದಿನ ಬೀದಿ, ಮೂಲೆಯಲ್ಲೊಂದು ಪುಟ್ಟ ಹೋಟೆಲು, ಭಾಷೆ ಗೊತ್ತಿಲ್ಲದಿದ್ದರೂ ತಟ್ಟೆ ತುಂಬಿಸುತ್ತಿದ್ದ ಒಡತಿ. ಹೋಟೆಲಿನ ಹೆಸರು ಮರೆತಿರಬಹುದು. ಧಕ್ಕೆಯ, ಅಂದರೆ ಹಡಗುಕಟ್ಟೆಯ, ಗೇಟಿನಿಂದ ಅಲ್ಲಿಗೆ ಹೋಗುವ ದಾರಿ ಮಾತ್ರ ನೆನಪಿರುತ್ತದೆ.

ಈ ನೆನಪುಗಳ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಅಂಥ ಹೋಟೆಲುಗಳು ಬದುಕಿದ್ದು ಹಡಗುಗಳು ಬಂದರಿನಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಿಲ್ಲುತ್ತಿದ್ದುದರಿಂದ. ಆ ಬಿಡುವು ಹೋದ ಮೇಲೆ ಅವುಗಳ ಕಾಲವೂ ಮುಗಿಯಿತು.

ಮೊದಲು ಹಸಿವಿನ ಮಾತು. ಹಾಯಿ ಹಡಗಿನ ದಿನಗಳಲ್ಲಿ ನಾವಿಕನ ಪಾಲಿಗೆ ಇದ್ದದ್ದು ಕಲ್ಲಿನಂಥ ಬಿಸ್ಕತ್ತು, ಉಪ್ಪು ಹಾಕಿಟ್ಟ ಮಾಂಸ, ಬಟಾಣಿ. ತಾಜಾ ಹಣ್ಣು, ಸೊಪ್ಪು ಸಿಗದೆ ಸ್ಕರ್ವಿ ರೋಗ ಬರುತ್ತಿತ್ತು. ಒಸಡು ಊದಿಕೊಂಡು, ಹಲ್ಲು ಉದುರಿ ಜನ ಸಾಯುತ್ತಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಹಡಗಿನಲ್ಲೇ ಪ್ರಯೋಗ ಮಾಡಿ, ಕಿತ್ತಳೆ ಮತ್ತು ನಿಂಬೆ ತಿಂದವರು ಬೇಗ ಚೇತರಿಸಿಕೊಳ್ಳುತ್ತಾರೆ ಎಂದು ಕಂಡುಕೊಂಡ. ಆದರೂ ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ಸುಮಾರು ಐವತ್ತು ವರ್ಷ ಸುಮ್ನೆ ಕಳೆದುಹೋಯಿತು. ದಡಕ್ಕೆ ಇಳಿದವನಿಗೆ ತಾಜಾ ರೊಟ್ಟಿ, ಹಸಿ ತರಕಾರಿ, ಬಿಸಿ ಸಾರು ಎಂದರೆ ಜೀವ ಮರಳಿ ಬಂದ ಹಾಗೆ.

ಮುಂದೆ ಹಡಗಿಗೆ ಫ್ರಿಜ್ ಬಂತು, ಅಡುಗೆಯೂ ಸುಧಾರಿಸಿತು. ಆದರೆ ತಿಂಗಳುಗಟ್ಟಲೆ ಅದೇ ಮೆಸ್ಸು, ಅದೇ ಮುಖಗಳು, ಕೆಲಸದ ಪಾಳಿ ಬದಲಾಗುವ ಗಂಟೆಗೆ ತಕ್ಕಂತೆ ಗಬಗಬನೆ ನುಂಗುವ ಊಟ. ಇಷ್ಟವಾದದ್ದನ್ನು ತಾನೇ ಆರಿಸಿಕೊಂಡು, ಅಲುಗಾಡದ ಮೇಜಿನ ಮುಂದೆ ನಿಧಾನವಾಗಿ ತಿನ್ನುವ ಸುಖ ದಡದಲ್ಲಿ ಮಾತ್ರ ಇತ್ತು.

ಆ ಸುಖಕ್ಕೆ ಕೈಯಲ್ಲಿ ಕಾಸು ಬೇಕಲ್ವಾ? ಹತ್ತೊಂಬತ್ತನೇ ಶತಮಾನದ ಬಂದರುಗಳಲ್ಲಿ ಊಟ, ಹಾಸಿಗೆ, ಸಾಲ ಕೊಟ್ಟು ನಾವಿಕನ ಸಂಬಳವನ್ನೇ ನುಂಗಿಬಿಡುವ ದಲ್ಲಾಳಿಗಳು ತುಂಬಿದ್ದರು. ಅದಕ್ಕೆ ಎದುರಾಗಿ ಧಾರ್ಮಿಕ ಸಂಸ್ಥೆಗಳು ನಾವಿಕರ ಮನೆಗಳನ್ನು ತೆರೆದವು. ಬ್ರಿಟನ್ನಿನಲ್ಲಿ ಮಿಷನ್ಸ್ ಟು ಸೀಮೆನ್ 1856ರಲ್ಲಿ ಶುರುವಾಯಿತು. 1864ರಲ್ಲಿ ಶುರುವಾದ ನಾರ್ವೆಯ ನಾವಿಕರ ಚರ್ಚ್ ಇವತ್ತಿಗೂ ತನ್ನ ಬಿಸಿ ವಾಫಲ್‌ಗಳಿಗೆ ಹೆಸರುವಾಸಿ. ಅಮೆರಿಕದ 1915ರ ನಾವಿಕರ ಕಾಯ್ದೆ ಇನ್ನೊಂದು ದೊಡ್ಡ ಕೆಲಸ ಮಾಡಿತು. ಸರಕು ಇಳಿಸುವ, ತುಂಬುವ ಬಂದರಿನಲ್ಲಿ, ಅಲ್ಲಿಯವರೆಗೆ ದುಡಿದು ಬಾಕಿ ಇರುವ ಸಂಬಳದ ಅರ್ಧವನ್ನು ಕೇಳಿ ಪಡೆಯುವ ಹಕ್ಕನ್ನು ನಾವಿಕನಿಗೆ ಕೊಟ್ಟಿತು. ತನ್ನ ದುಡ್ಡಿನಲ್ಲಿ ತನಗೆ ಬೇಕಾದಲ್ಲಿ ಕೂತು ಉಣ್ಣುವುದು ಸಣ್ಣ ಮಾತಲ್ಲ.

ನನ್ನನ್ನು ತುಂಬ ಹಿಡಿದಿಟ್ಟುಕೊಳ್ಳುವುದು ಆ ಹೋಟೆಲುಗಳ ಮಾಲೀಕರ ಕತೆ. ಅವರಲ್ಲಿ ಎಷ್ಟೋ ಜನ ಸ್ವತಃ ನಾವಿಕರಾಗಿದ್ದವರು. ಲಿವರ್‌ಪೂಲಿನ ಬ್ಲೂ ಫನಲ್ ಕಂಪನಿ 1860ರ ದಶಕದಲ್ಲಿ ಚೀನಾಕ್ಕೆ ಹಡಗು ಓಡಿಸಲು ಶುರು ಮಾಡಿ ಚೀನೀ ನಾವಿಕರನ್ನು ಕೆಲಸಕ್ಕೆ ತೆಗೆದುಕೊಂಡಿತು. ಕೆಲವರು ಅಲ್ಲೇ ನೆಲೆ ನಿಂತರು. ವಸತಿಗೃಹ ತೆರೆದರು, ಲಾಂಡ್ರಿ ಇಟ್ಟರು, ಅಡುಗೆ ಮನೆ ಹೂಡಿದರು. ರಾಟರ್‌ಡಾಮಿನಲ್ಲಿ 1911ರ ನಾವಿಕರ ಮುಷ್ಕರವನ್ನು ಮುರಿಯಲು ಕಂಪನಿಗಳು ಚೀನೀಯರನ್ನು ಕರೆತಂದವು. ಅವರು ಉಳಿದುಕೊಂಡ ಕಾಟೆಂಡ್ರೆಕ್ಟ್ ಎಂಬ ಧಕ್ಕೆಯ ಬಡಾವಣೆ ಮುಂದೆ ಯುರೋಪಿನ ಹೆಸರಾಂತ ಚೈನಾಟೌನ್‌ಗಳಲ್ಲಿ ಒಂದಾಯಿತು. 1930ರ ದಶಕದಲ್ಲಿ ಹಡಗಿನ ಕೆಲಸ ಇಲ್ಲದಾದಾಗ ಈ ಜನ ಕಡಲೆಕಾಯಿ ಬರ್ಫಿಯಂಥ ತಿಂಡಿಯನ್ನು ಡಬ್ಬದಲ್ಲಿ ಹೊತ್ತು ಡಚ್ ಬೀದಿಗಳಲ್ಲಿ ಮಾರಿ ಹೊಟ್ಟೆ ಹೊರೆದರು.

ಲಂಡನ್ನಿನ ಪೂರ್ವ ಭಾಗದಲ್ಲಿ ಹೀಗೆ ಹೋಟೆಲು ತೆರೆದವರು ಲಸ್ಕರ್‌ಗಳು, ಅಂದರೆ ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ಬಂದ ನಾವಿಕರು. ಹಡಗಿನ ಎಂಜಿನ್ ಕೋಣೆಯ ಬೆಂಕಿಯ ಮುಂದೆ ಬೇಯುತ್ತಿದ್ದ ಈ ಹುಡುಗರಲ್ಲಿ ಕೆಲವರು ಬಂದರಿನಲ್ಲಿ ಹಡಗು ಬಿಟ್ಟು ಓಡಿದರು. ಹಾಗೆ ಬಂದವರಲ್ಲಿ ಒಬ್ಬರು ಅಯೂಬ್ ಅಲಿ ಮಾಸ್ಟರ್. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವರು ನಡೆಸುತ್ತಿದ್ದ ಶಾ ಜಲಾಲ್ ಹೋಟೆಲು ಊಟಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಹೊಸಬರಿಗೆ ತಂಗಲು ಜಾಗ, ಊರಿಗೆ ಕಾಗದ ಬರೆದುಕೊಡುವ ಕೈ, ಸರ್ಕಾರಿ ಅರ್ಜಿಗೆ ನೆರವು, ಎಲ್ಲವೂ ಅವರಿಂದ ಸಿಗುತ್ತಿತ್ತು. ಬ್ರಿಟನ್ನಿನ ಬೀದಿ ಬೀದಿಯಲ್ಲಿರುವ ಕರಿ ಹೋಟೆಲುಗಳ ಬೇರು ಹುಡುಕುತ್ತಾ ಹೋದರೆ ಇಂಥ ಹಡಗು ಬಿಟ್ಟವರ ಅಡುಗೆ ಮನೆಗಳೇ ಸಿಗುತ್ತವೆ.

ಈ ಚರಿತ್ರೆಯಲ್ಲಿ ನೋವೂ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗಾಗಿ ಜೀವ ಪಣಕ್ಕಿಟ್ಟು ದುಡಿದ ಚೀನೀ ನಾವಿಕರನ್ನು 1945–46ರಲ್ಲಿ ಸರ್ಕಾರ ಲಿವರ್‌ಪೂಲಿನಿಂದ ಗುಟ್ಟಾಗಿ ವಾಪಸು ಕಳಿಸಿತು. ಹೆಂಡತಿ ಮಕ್ಕಳಿಗೆ ಅಪ್ಪ ಎಲ್ಲಿ ಹೋದ ಎಂಬುದೂ ಗೊತ್ತಾಗಲಿಲ್ಲ. ಆ ಬೀದಿಗಳ ಊಟದ ನೆನಪು ಬಂದಾಗ ಈ ಮಾತನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಹಡಗಿನ ಅಡುಗೆಯೂ ದಡ ಹತ್ತಿತು. ಉಪ್ಪು ಮಾಂಸ, ಈರುಳ್ಳಿ, ಬಿಸ್ಕತ್ತು ಸೇರಿಸಿ ಬೇಯಿಸುತ್ತಿದ್ದ ಲಾಬ್ಸ್‌ಕೌಸ್ ಹ್ಯಾಂಬರ್ಗಿನಲ್ಲಿ ಲಾಬ್ಸ್‌ಕೌಸ್ ಎಂದೇ ಉಳಿಯಿತು. ಲಿವರ್‌ಪೂಲಿನಲ್ಲಿ ಅದು ಸ್ಕೌಸ್ ಆಯಿತು. ಆ ಊರಿನ ಜನರನ್ನೂ ಅದೇ ಹೆಸರಿನಿಂದ ಸ್ಕೌಸರ್ ಎಂದು ಕರೆಯುತ್ತಾರೆ.

ಬಂದರಿನಿಂದ ಬಂದರಿಗೆ ರುಚಿ ಬೇರೆ. ಇಟಲಿಯ ಜಿನೋವಾದ ಸೊಟ್ಟೊರಿಪಾ ಎಂಬ ಹಳೆಯ ಕಮಾನು ಸಾಲಿನ ಕೆಳಗೆ ಕರಿದ ಮೀನು, ಕಡಲೆಹಿಟ್ಟಿನ ಫರಿನಾಟಾ. ಉರುಗ್ವೆಯ ಮಾಂಟೆವಿಡಿಯೋದಲ್ಲಿ 1868ರಲ್ಲಿ ತೆರೆದ, ಕಬ್ಬಿಣದ ಚಾವಣಿಯ ಬಂದರು ಮಾರುಕಟ್ಟೆ ಮೆರ್ಕಾಡೊ ಡೆಲ್ ಪ್ಯುಯೆರ್ಟೊ. ಅಲ್ಲಿ ಕಟ್ಟಿಗೆಯ ಕೆಂಡದ ಮೇಲೆ ಮಾಂಸ ಸುಡುವ ಹೊಗೆ. ಹ್ಯಾಂಬರ್ಗಿನಲ್ಲಿ ಧಕ್ಕೆ ಕೂಲಿಗಳಿಗಾಗಿ ಹೆಂಡವಿಲ್ಲದ ಕಾಫಿ ಅಂಗಡಿಗಳಿದ್ದವು. 1925ರಲ್ಲಿ ಕಟ್ಟಿದ, ಒಂದು ಕಡೆ ವಾಲಿ ನಿಂತಿರುವ ಓಬರ್‌ಹಾಫೆನ್ ಕ್ಯಾಂಟೀನು ಅವುಗಳ ಗುರುತಾಗಿ ಉಳಿದಿದೆ. ಸಿಂಗಾಪುರದ ಬುಗಿಸ್ ಸ್ಟ್ರೀಟಿನಲ್ಲಿ ನಡುರಾತ್ರಿ ಕಳೆದ ಮೇಲೂ ಬೀದಿಯಲ್ಲೇ ಮೇಜು ಹಾಕಿ ಬಡಿಸುತ್ತಿದ್ದರು. 1980ರ ದಶಕದಲ್ಲಿ ಮೆಟ್ರೋ ಕಾಮಗಾರಿಗಾಗಿ ಆ ಹಳೆಯ ಬೀದಿ ನೆಲಸಮವಾಯಿತು. ಅಲ್ಲಿ ಉಂಡಿದ್ದವರಿಗೆ ಈಗ ಮರಳಿ ಹೋಗಿ ನೋಡಲೂ ಏನಿಲ್ಲ.

ಎಲ್ಲ ಬದಲಾದದ್ದು ಒಂದು ಕಬ್ಬಿಣದ ಪೆಟ್ಟಿಗೆಯಿಂದ. 1956ರ ಏಪ್ರಿಲ್ 26ರಂದು ಸಾರಿಗೆ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಅವರ ಐಡಿಯಲ್ ಎಕ್ಸ್ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂವಾರ್ಕ್‌ನಿಂದ ಹೂಸ್ಟನ್ನಿಗೆ ಹೊರಟಿತು. ಹತ್ತು ವರ್ಷದಲ್ಲಿ ಕಂಟೇನರ್ ಹಡಗು ರಾಟರ್‌ಡಾಮಿಗೂ ಬಂತು. ಮೂಟೆ ಮೂಟೆಯಾಗಿ ಹೊತ್ತು ಇಳಿಸುತ್ತಿದ್ದ ವಾರದ ಕೆಲಸವನ್ನು ಕ್ರೇನುಗಳು ಗಂಟೆಗಳಲ್ಲಿ ಮುಗಿಸಿದವು. ಈಗ ಕಂಟೇನರ್ ಹಡಗು ಒಂದು ಬಂದರಿನಲ್ಲಿ ಸಾಮಾನ್ಯವಾಗಿ ಒಂದು ದಿನವೂ ನಿಲ್ಲುವುದಿಲ್ಲ. ಅಷ್ಟರಲ್ಲೇ ತಪಾಸಣೆ, ಇಂಧನ, ದಿನಸಿ ತುಂಬಿಸುವುದು, ಎಲ್ಲ ಆಗಬೇಕು. ಹಡಗು ದೊಡ್ಡದಾಗುತ್ತಾ ಹೋಯಿತು, ಕೆಲಸಕ್ಕೆ ಜನ ಕಡಿಮೆಯಾದರು. ನಲವತ್ತು, ಐವತ್ತು ಜನ ಇರುತ್ತಿದ್ದ ಕಡೆ ಈಗ ಇಪ್ಪತ್ತು, ಇಪ್ಪತ್ತೈದು.

ಬಂದರುಗಳೂ ಊರು ಬಿಟ್ಟು ದೂರ ಹೋದವು. ಲಂಡನ್ನಿನ ಹಳೆಯ ಡಾಕ್‌ಗಳು 1967ರಿಂದ 1981ರೊಳಗೆ ಒಂದೊಂದಾಗಿ ಮುಚ್ಚಿದವು. ರಾಟರ್‌ಡಾಮಿನ ದೊಡ್ಡ ಟರ್ಮಿನಲ್‌ಗಳು ಈಗ ಊರಿನಿಂದ ಸುಮಾರು 40 ಕಿಲೋಮೀಟರ್ ಆಚೆ, ಸಮುದ್ರ ತುಂಬಿ ಮಾಡಿದ ಮಾಸ್‌ವ್ಲಾಕ್ಟೆಯಲ್ಲಿವೆ. ಹಡಗಿನ ಏಣಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಹೋಟೆಲು ಸಿಗುತ್ತಿದ್ದ ಕಾಲ ಹೋಯಿತು.

2001ರಲ್ಲಿ ಅಮೆರಿಕದ ಮೇಲೆ ನಡೆದ ಭಯೋತ್ಪಾದಕ ದಾಳಿಯ ನಂತರ ಬೇಲಿಗಳೂ ಎದ್ದವು. 2004ರ ಜುಲೈ 1ರಿಂದ ಜಾರಿಗೆ ಬಂದ ಐಎಸ್‌ಪಿಎಸ್ ಎಂಬ, ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ನಿಯಮಗಳಿಂದ ಗೇಟು ದಾಟುವುದೇ ಕಷ್ಟವಾಯಿತು. ಕೆಲವು ದೇಶಗಳಲ್ಲಿ ವೀಸಾ ಇಲ್ಲದಿದ್ದರೆ ಹಡಗಿನಿಂದ ಕೆಳಗೆ ಇಳಿಯುವಂತೆಯೇ ಇಲ್ಲ. 2013ರಲ್ಲಿ ಜಾರಿಯಾದ ನಾವಿಕರ ಕಾರ್ಮಿಕ ಒಪ್ಪಂದ ದಡಕ್ಕೆ ಇಳಿಯುವ ಬಿಡುವು (ಶೋರ್ ಲೀವ್) ಕೊಡಲೇಬೇಕು ಎನ್ನುತ್ತದೆ. ಹಡಗಿನಲ್ಲಿ ಒಳ್ಳೆಯ ಊಟ ಉಚಿತವಾಗಿ ಸಿಗಬೇಕು ಎಂದೂ ಹೇಳುತ್ತದೆ. ಇದು ನಿಜಕ್ಕೂ ದೊಡ್ಡ ಗೆಲುವು. ಆದರೆ ಹಕ್ಕು ಕಾಗದದಲ್ಲಿದ್ದು ಹಡಗು ಆರು ಗಂಟೆಯಲ್ಲಿ ಹೊರಟರೆ ಏನು ಮಾಡುವುದು? ಕೋವಿಡ್ ಬಂದ 2020ರಲ್ಲಂತೂ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಮನೆಗೆ ಹೋಗಲಾಗದೆ ಹಡಗಿನಲ್ಲೇ ಸಿಕ್ಕಿಬಿದ್ದಿದ್ದರು. ದಡ ಕಣ್ಣೆದುರೇ ಇರುತ್ತಿತ್ತು, ಕಾಲಿಡಲು ಬಿಡುತ್ತಿರಲಿಲ್ಲ.

ಕಾಟೆಂಡ್ರೆಕ್ಟ್‌ನಲ್ಲಿ ಇವತ್ತೂ ಹೋಟೆಲುಗಳು ತುಂಬಿವೆ. ಊರಿನವರು, ಪ್ರವಾಸಿಗಳು ಹುಡುಕಿಕೊಂಡು ಬರುತ್ತಾರೆ. ನಾವಿಕರು ಇಲ್ಲ. ಅವರನ್ನು ನೋಡಬೇಕಾದರೆ ಹ್ಯಾಂಬರ್ಗಿನ ಕಂಟೇನರ್ ಬಂದರಿನ ನಡುವೆ 1986ರಿಂದ ನಡೆಯುತ್ತಿರುವ ಡುಕ್‌ಡಾಲ್ಬೆನ್ ಎಂಬ ನಾವಿಕರ ಕ್ಲಬ್ಬಿಗೆ ಹೋಗಬೇಕು. ಮಿನಿಬಸ್ ಹಡಗಿನ ಹತ್ತಿರಕ್ಕೇ ಹೋಗಿ ಅವರನ್ನು ಕರೆತರುತ್ತದೆ. ಸೋಫಾ ಇದೆ, ಬಿಲಿಯರ್ಡ್ಸ್ ಇದೆ, ತಿಂಡಿ ಸಿಗುತ್ತದೆ. ಸಿಕ್ಕ ಒಂದೆರಡು ಗಂಟೆಯಲ್ಲಿ ಮನೆಗೆ ವಿಡಿಯೋ ಕಾಲ್ ಮಾಡಿ, ಏನಾದರೂ ತಿಂದು, ಮತ್ತೆ ಅದೇ ಬಸ್ಸು ಹತ್ತಬೇಕು.