ಬಿಗಿದ ಕವಾಟಕ್ಕೆ ಬಲೂನು: ಎಲ್ಲಿ ಒಗ್ಗುತ್ತದೆ, ಎಲ್ಲಿ ಇಲ್ಲ

‘ಬಲೂನ್ ಹಾಕಿದ್ದಾರೆ’ ಅಂದರೆ ಅದು ಎದೆಯೊಳಗೇ ಉಳಿದಿದೆ ಎಂದುಕೊಂಡವರು ಇನ್ನೂ ಇದ್ದಾರೆ. ಉಳಿಯುವುದಿಲ್ಲ. ಹೃದಯದ ಅಂಟಿಕೊಂಡ ಕವಾಟವನ್ನು ಬಿಡಿಸಿ, ಕೆಲವೇ ಸೆಕೆಂಡಿನಲ್ಲಿ ಮುದುಡಿ, ಹೋದ ದಾರಿಯಲ್ಲೇ ಹೊರಬರುತ್ತದೆ. ರಕ್ತನಾಳಕ್ಕೆ ಮಾಡುವ ಆಂಜಿಯೋಪ್ಲಾಸ್ಟಿಯೇ ಬೇರೆ, ಇದೇ ಬೇರೆ.

ನಮ್ಮಲ್ಲಿ ಬಲೂನು ಹೆಚ್ಚಾಗಿ ಬೇಕಾಗುವುದು ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟಕ್ಕೆ. ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟದ ಎರಡು ದಳಗಳ ಅಂಚು ಬೆಸೆದುಕೊಳ್ಳುತ್ತದೆ. 4ರಿಂದ 6 ಚದರ ಸೆಂ.ಮೀ. ಇರಬೇಕಾದ ಬಾಯಿ 1.5ಕ್ಕೆ ಇಳಿದರೆ ಕಾಯಿಲೆ ತೀವ್ರವೆಂದೇ ಲೆಕ್ಕ. ಎಷ್ಟೋ ಹೆಂಗಸರಿಗೆ ಇದು ಗೊತ್ತಾಗುವುದು ಬಸುರಿಯಾಗಿ ಏದುಸಿರು ಶುರುವಾದಾಗಲೇ.

1925ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸೌಟರ್ ಬೆರಳು ಹಾಕಿ ಕವಾಟ ಬಿಡಿಸಿದ್ದರು. 1948ರಿಂದ ಮುಂದೆ ದಶಕಗಳ ಕಾಲ ಎದೆ ತೆರೆದು, ಮಿಡಿಯುವ ಹೃದಯದೊಳಗೆ ಬೆರಳಂದಾಜಿನಲ್ಲೇ ಕೆಲಸ ನಡೆಯಿತು. 1982ರಲ್ಲಿ ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೊವೆ ಬಲೂನು ತಂದರು. 1985ರಲ್ಲಿ ಅಮೆರಿಕದ ಜೇಮ್ಸ್ ಲಾಕ್, ದೆಹಲಿಯ ಖಲೀಲುಲ್ಲಾ ಮತ್ತಿತರರು ಎಳೆಯ ರೋಗಿಗಳಲ್ಲಿ ಕಂಡ ಫಲಿತಾಂಶ ಪ್ರಕಟಿಸಿದರು.

ಇನೊವೆ ಬಲೂನಿನ ಜಾಣ್ಮೆ ಅದು ಉಬ್ಬುವ ಕ್ರಮದಲ್ಲಿದೆ. ಅದಕ್ಕೂ ಮೊದಲು ತೊಡೆಸಂದಿನ ಅಭಿಧಮನಿಯಿಂದ ಬಲ ಹೃತ್ಕರ್ಣಕ್ಕೆ (ಹೃದಯದ ಮೇಲಿನ ಕೋಣೆಗೆ) ಹೋಗಿ, ನಡುಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟಬೇಕು. ಇಡೀ ಕೆಲಸದ ಕಷ್ಟ ಇಲ್ಲೇ: ಸೂಜಿ ಜಾರಿ ಹೃದಯದ ಹೊರಗೋಡೆ ತೂತಾದರೆ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯವನ್ನೇ ಅದುಮುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುವುದು ಸಾಮಾನ್ಯವಾಗಿ ಚುಚ್ಚಿದ ಮೇಲೆ, ಅದಕ್ಕೆ ಮುಂಚೆ ಅಲ್ಲ. ದ್ರವದಿಂದ ಉಬ್ಬುವ ಬಲೂನಿನೊಳಗಿನ ಗಾಳಿಯನ್ನು ಪೂರ್ತಿ ತೆಗೆದಿರಬೇಕು. ಒಡೆದರೆ ಆ ಗಾಳಿ ಸೀದಾ ಮಿದುಳಿಗೆ ಹೋದೀತು.

ಕವಾಟ ದಾಟಿದ ಮೇಲೆ ಮೊದಲು ಮುಂದಿನ ಅರ್ಧ ಉಬ್ಬುತ್ತದೆ. ಹಿಂದಕ್ಕೆಳೆದು ಕವಾಟಕ್ಕೆ ತಾಗಿಸಿದಾಗ ಹಿಂದಿನ ಅರ್ಧ ಉಬ್ಬಿ, ಪರದೆಯ ಮೇಲೆ ಥೇಟ್ ಡಮರು. ಕೊನೆಗೆ ನಡು ಬಿಚ್ಚಿಕೊಂಡಾಗ ಬೆಸುಗೆ ಸೀಳುತ್ತದೆ. ಬಲೂನಿನ ಅಗಲಕ್ಕೆ ಸರಳ ಲೆಕ್ಕ: ರೋಗಿಯ ಎತ್ತರದ ಸೆಂ.ಮೀ.ಯನ್ನು ಹತ್ತರಿಂದ ಭಾಗಿಸಿ ಹತ್ತು ಕೂಡಿಸಿ. 160 ಸೆಂ.ಮೀ. ಇದ್ದವರಿಗೆ 26 ಮಿ.ಮೀ. ಆದರೆ ಮೊದಲ ಸಲವೇ ಅಷ್ಟು ಉಬ್ಬಿಸುವುದು ಅವಸರ, ಎರಡು ಮಿ.ಮೀ. ಕಡಿಮೆಯಿಂದ ಶುರುಮಾಡಿ, ಪ್ರತಿ ಸಲ ಎಕೋ (ಹೃದಯದ ಸ್ಕ್ಯಾನ್) ನೋಡಿ ಏರಿಸುತ್ತಾರೆ.

ಬಲೂನು ಬೆಸುಗೆಯನ್ನಷ್ಟೇ ಬಿಡಿಸೀತು, ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ್ದನ್ನಲ್ಲ. ಸುಣ್ಣಗಟ್ಟಿದ ಕಡೆ ಬೆಸುಗೆಯ ಬದಲು ದಳವೇ ಹರಿದು ರಕ್ತ ಹಿಂದಕ್ಕೆ ನುಗ್ಗುತ್ತದೆ. ಆಗ ತುರ್ತು ಶಸ್ತ್ರಚಿಕಿತ್ಸೆ. ಎಕೋ ನೋಡಿ ಕವಾಟದ ಸ್ಥಿತಿಗೆ ಕೊಡುವ 1988ರ ವಿಲ್ಕಿನ್ಸ್ ಅಂಕ ಬಂದದ್ದು ಇದನ್ನು ಮೊದಲೇ ಅಳೆಯಲಿಕ್ಕೆ. 16ಕ್ಕೆ 8ರೊಳಗಿದ್ದರೆ ಬಲೂನಿಗೆ ಒಗ್ಗುವ ಕವಾಟ. ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಅಂಥ ಕೆಲವರಿಗೂ ಬಲೂನು ಮಾಡಿದ ಅನುಭವವನ್ನು ಬೆಂಗಳೂರಿನ ಜಯದೇವ ಸಂಸ್ಥೆಯ ವೈದ್ಯರು 2009ರಲ್ಲಿ ಪ್ರಕಟಿಸಿದರು.

ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟದಲ್ಲಿ, ವಯಸ್ಸಾದವರಲ್ಲಿ, ಬಲೂನು ಸೋತದ್ದೂ ಸುಣ್ಣದಿಂದಲೇ. 1985ರಲ್ಲಿ ಫ್ರಾನ್ಸಿನ ವೈದ್ಯ ಕ್ರಿಬಿಯೆ ಹಿಗ್ಗಿಸಿ ತೋರಿಸಿದರು, ಆದರೆ ಬಹುಪಾಲು ಕವಾಟ ವರ್ಷದೊಳಗೇ ಮತ್ತೆ ಬಿಗಿಯಿತು. 2002ರಲ್ಲಿ ಅವರೇ ಕ್ಯಾಥೆಟರ್ (ತೆಳು ನಳಿಕೆ) ಮೂಲಕ ಹೊಸ ಕವಾಟ ಕೂರಿಸಿದರು.

ಮೈಟ್ರಲ್ ಬಲೂನಿನ ನಂತರವೂ ಎಳೆಯರಿಗೆ ಮೂರು ವಾರಕ್ಕೊಮ್ಮೆ 12 ಲಕ್ಷ ಯೂನಿಟ್ ಬೆಂಜಥೈನ್ ಪೆನಿಸಿಲಿನ್ ಸೂಜಿ ತಪ್ಪಬಾರದು. ತಪ್ಪಿದರೆ ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಹಾಳಾಗುತ್ತದೆ. ಬಲೂನು ಸರ್ಕಾರಿ ಯೋಜನೆಯ ಪಟ್ಟಿಯಲ್ಲಿದೆ. ಅದರ ಬೆಲೆಯ ಮುಂದೆ ಏನೂ ಅಲ್ಲದ ಆ ಸೂಜಿಮದ್ದು ಮಾತ್ರ ಅಂಗಡಿಯಲ್ಲಿ ಕೇಳಿದಾಗಲೆಲ್ಲ ಸಿಗುವುದಿಲ್ಲ.