ಉಕ್ತಲೇಖನದ ತಪ್ಪಿನಲ್ಲಿ ಕಾಣುವ ಮನೆಮಾತು

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶಗಳ ಸರ್ಕಾರಿ ಶಾಲೆಗಳಲ್ಲಿ ಈಗ ಯಾದಗಿರಿ, ಬಿಹಾರ, ಒಡಿಶಾ, ನೇಪಾಳದ ಮಕ್ಕಳು ಒಂದೇ ಸಾಲಿನಲ್ಲಿ ಕೂರುತ್ತಾರೆ. ಇವರಿಗೆ ಕಲಿಸುವುದು ಹೇಗೆ ಅಂತ ತರಬೇತಿಯಲ್ಲಿ ಕೇಳಿದರೆ ಛದ್ಮವೇಷ, ಎಲ್ಲ ರಾಜ್ಯಗಳ ಹಬ್ಬ ಎಂಬ ಉತ್ತರಗಳೇ ಹೆಚ್ಚು. ಅವೂ ಇರಲಿ. ಅದಕ್ಕಿಂತ ಮೊದಲು ಮಗುವಿನ ಉಕ್ತಲೇಖನದ ಪುಸ್ತಕ ತೆಗೆದು ತಪ್ಪುಗಳನ್ನು ನಿಧಾನವಾಗಿ ಓದಿ ಅನ್ನುತ್ತೇನೆ ನಾನು.

‘ರೈತನ ಬೆಳೆಗೆ ಒಳ್ಳೆಯ ಬೆಲೆ ಬಂತು’ ಎಂದು ಹೇಳಿ ಬರೆಸಿ. ಹಿಂದಿ ಮನೆಯ ಮಗು ಎರಡೂ ಕಡೆ ‘ಬೇಲೇ’ ಎಂದು ಬರೆಯಬಹುದು. ಅದು ಅಜಾಗರೂಕತೆ ಅಲ್ಲ. ಹಿಂದಿ, ನೇಪಾಳಿ, ಬಂಗಾಳಿಗಳಲ್ಲಿ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದವಿಲ್ಲ, ಳಕಾರವೂ ಇಲ್ಲ. ಬೆಳೆ, ಬೇಳೆ, ಬೆಲೆ ಮೂರೂ ಆ ಕಿವಿಗೆ ಹತ್ತಿರ ಹತ್ತಿರ ಒಂದೇ. ಬಂಗಾಳಿ ಮಗು ‘ಮರ’ವನ್ನು ‘ಮೊರ’ ಎಂದೋ ‘ವನ’ವನ್ನು ‘ಬನ’ ಎಂದೋ ಓದಿದರೆ ಅದಕ್ಕೂ ಇಂಥದೇ ಕಾರಣ. ಉರ್ದು ಶಾಲೆಯಿಂದ ಬಂದವಳು ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದರೆ ಗದರುವುದೇಕೆ? ಅವಳು ಕಲಿತ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ.

ಕಿವಿಗೆ ಕೇಳಿಸದ ವ್ಯತ್ಯಾಸ ಹತ್ತು ಸಲ ಬರೆಸಿದರೂ ಕೈಗೆ ಬರುವುದಿಲ್ಲ. ಅದಕ್ಕೇ ಕೆಂಪು ಇಂಕಿಗೆ ಮೊದಲು ಕಿವಿಯ ಕೆಲಸ ಆಗಬೇಕು. ಮೇಜಿನ ಮೇಲೆ ಒಂದು ಕಡೆ ತೊಗರಿಬೇಳೆ, ಇನ್ನೊಂದು ಕಡೆ ಗದ್ದೆಯ ಚಿತ್ರ ಇಡಿ. ನೀವು ‘ಬೇಳೆ’ ಅಥವಾ ‘ಬೆಳೆ’ ಅನ್ನಿ, ಮಗು ಮುಟ್ಟಿ ತೋರಿಸಲಿ. ಬರೆಯುವ ಮಾತೇ ಬೇಡ. ಳಕಾರಕ್ಕೆ ಹಿಂದಿಯ ನೆರವೇ ಸಿಗುತ್ತದೆ: ‘ಪೇಡ್’, ‘ಲಡ್ಕಾ’ ಅನ್ನುವಾಗ ನಾಲಿಗೆ ಮೇಲಕ್ಕೆ ಮಡಚುತ್ತದಲ್ಲ, ಅಲ್ಲೇ ನಾಲಿಗೆ ಇಟ್ಟು ‘ಲ’ ಅನ್ನು ಎಂದರೆ ಬಹಳ ಮಕ್ಕಳಿಗೆ ಹಾದಿ ಸಿಗುತ್ತದೆ. ಒಡಿಯಾ ಮಕ್ಕಳಿಗೆ ಈ ಕಷ್ಟವಿಲ್ಲ, ಅವರ ಭಾಷೆಯಲ್ಲೇ ಳಕಾರ ಉಂಟು.

ನನಗೆ ಹೆಚ್ಚು ನೋವಾಗುವುದು ಯಾದಗಿರಿ, ರಾಯಚೂರಿನ ಮಕ್ಕಳ ವಿಷಯದಲ್ಲಿ. ಅವರು ‘ಮನಿ’, ‘ಶಾಲಿ’ ಎಂದು ಬರೆದಾಗ ಇಡೀ ತರಗತಿ ನಗುತ್ತದೆ, ಕೆಲವು ಸಲ ಶಿಕ್ಷಕರೂ ನಗುತ್ತಾರೆ. ಪಕ್ಕದಲ್ಲಿ ಕೂತ ಇದೇ ಊರಿನ ಹುಡುಗ ಹಾಲಿಗೆ ‘ಆಲು’ ಎಂದು ಬರೆದರೆ ಯಾರೂ ನಗುವುದಿಲ್ಲ, ತಿದ್ದಿ ಮುಂದೆ ಹೋಗುತ್ತೇವೆ. ಎರಡೂ ಆಡುಮಾತು ಬರಹಕ್ಕೆ ಇಳಿದ ರೀತಿಯೇ. ಕನ್ನಡದ ಮಗು ಕನ್ನಡ ಶಾಲೆಯಲ್ಲೇ ಬಾಯಿ ಮುಚ್ಚಿ ಕೂರುವಂತೆ ಮಾಡುವುದು ಅನ್ಯಾಯ.

ವಯಸ್ಸಿನ ಲೆಕ್ಕ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಟಿಸಿ ತಡವಾಯಿತೆಂದು ವಾಪಸ್ ಕಳಿಸುವಂತಿಲ್ಲ. ಅದು ಸರಿಯಾದದ್ದೇ. ಆದರೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇರುವುದು ಮೂರನೇ ತರಗತಿವರೆಗೆ. ಹತ್ತು ವರ್ಷದವನು ನೇರ ಐದನೆಯದಕ್ಕೆ ಬಂದಾಗ ಅವನಿಗೆ ಕನ್ನಡದ ಒಂದಕ್ಷರವೂ ಗೊತ್ತಿರುವುದಿಲ್ಲ, ಪುಟಾಣಿಗಳ ಕಾರ್ಡು ಕೊಟ್ಟರೆ ನಾಚುತ್ತಾನೆ. ಅಂಥವನಿಗೆ ಬಿಎಂಟಿಸಿ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬೇಳೆ ಪೊಟ್ಟಣದ ಮೇಲಿನ ಬರಹ ಓದಿಸಿ. ತಿಂಗಳುಗಟ್ಟಲೆ ಮಾತಾಡದಿದ್ದರೂ ಕೇಳಿಸಿಕೊಳ್ಳುತ್ತಿರಬಹುದು. ದಾಖಲೆಯಲ್ಲಿ ‘ಮಂದ’ ಎಂದು ಬರೆಯುವ ಆತುರ ಬೇಡ.

ಇನ್ನು ದಾಖಲಾತಿ ಅರ್ಜಿ. ಮಾತೃಭಾಷೆ ಎಂಬಲ್ಲಿ ಉತ್ತರದಿಂದ ಬಂದ ಎಲ್ಲರಿಗೂ ‘ಹಿಂದಿ’ ಎಂದೇ ಬರೆದುಬಿಡುತ್ತೇವೆ. ಮನೆಯಲ್ಲಿ ಆಡುವುದು ಭೋಜಪುರಿಯೋ ಮೈಥಿಲಿಯೋ ಮಾರ್ವಾಡಿಯೋ ಆಗಿರುತ್ತದೆ. ಮಾರ್ವಾಡಿಯಲ್ಲಿ ಳಕಾರ ಇದೆ. ಅದು ಗೊತ್ತಿದ್ದರೆ ಆ ಮಗುವಿಗೆ ‘ಬೆಳೆ’ ಕಲಿಸುವ ದಾರಿಯೇ ಬೇರೆ. ದಾಖಲಾತಿಯ ದಿನ ತಾಯಿಯನ್ನು ಕೂರಿಸಿಕೊಂಡು ಮಗುವಿನೊಡನೆ ಮನೆಯಲ್ಲಿ ಯಾವ ಮಾತು ಆಡುತ್ತೀರಮ್ಮ, ಮೊದಲು ಯಾವ ಅಕ್ಷರ ಕಲಿತಿತು ಎಂದು ಕೇಳಿ, ಅರ್ಜಿಯ ಅಂಚಿನಲ್ಲಾದರೂ ಬರೆದಿಡಿ.